ಒಂಟಿ ಊರಲ್ಲಿ ಜನ ಕಾಣೆಯಾಗುವ ಕಾದಂಬರಿ ಬರೆಯುವುದು ಹೇಗೆ

ಸಣ್ಣ ಊರು, ಸುತ್ತ ನೀರೋ ಕಾಡೋ ಹಿಮವೋ, ಒಬ್ಬೊಬ್ಬರಾಗಿ ಜನ ಕಾಣೆಯಾಗುತ್ತಾರೆ. ಇಷ್ಟು ಕೇಳಿದರೆ ಸಾಕು, ಬರೆಯುವ ಕೈ ತುರಿಸುತ್ತದೆ. ಮೊದಲ ಐವತ್ತು ಪುಟ ಸಲೀಸಾಗಿ ಬಂದುಬಿಡುತ್ತವೆ, ಯಾಕಂದರೆ ಮಂಜು, ಕತ್ತಲು, ಕಿಟಕಿ ಸಂದಿಯಿಂದ ನೋಡುವ ಮುದುಕಿ ಇವೆಲ್ಲ ಕರೆಯದೇ ಬರುವ ನೆಂಟರು. ಆಮೇಲೆ ಕಥೆ ನಿಂತುಹೋಗುತ್ತದೆ. ನಿಲ್ಲುವುದಕ್ಕೆ ಬಹಳ ಸಲ ಕಾರಣ ಒಂದೇ: ಬರೆಯುವವರು "ಯಾರಿಗೂ ಏನೂ ಗೊತ್ತಿಲ್ಲ" ಅನ್ನುವುದರ ಮೇಲೆ ರಹಸ್ಯ ಕಟ್ಟಿರುತ್ತಾರೆ. ನಲವತ್ತು ಮನೆಯ ಊರಲ್ಲಿ ಅದು ಸಾಧ್ಯವೇ ಇಲ್ಲ, ಅಲ್ವಾ? ಯಾರ ಮನೆಯ ದೀಪ ಎಷ್ಟು ಹೊತ್ತಿಗೆ ಆರಿತು ಅನ್ನುವುದೂ ಅಲ್ಲಿ ಪಕ್ಕದವರಿಗೆ ಗೊತ್ತಿರುತ್ತದೆ. ಅಂಥ ಊರಲ್ಲಿ ರಹಸ್ಯ ಹುಟ್ಟುವುದು ಎಲ್ಲರ ಬಳಿಯೂ ಒಂದೊಂದು ಚೂರು ಇದ್ದು, ಒಬ್ಬೊಬ್ಬರೂ ಬೇರೆ ಬೇರೆ ಕಾರಣಕ್ಕೆ ಬಾಯಿ ಮುಚ್ಚಿಕೊಂಡಿರುವುದರಿಂದ. ಹಾಗಾಗಿ ನಿಮ್ಮ ಮುಖ್ಯ ಕೆಲಸ ಆ ಚೂರುಗಳನ್ನು ಹಂಚುವುದು.

ಇದಕ್ಕೆ ನಿಜ ಜೀವನದ ಒಳ್ಳೆಯ ಪಾಠ ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳಲ್ಲಿ ಒಂದಾದ ಫ್ಲೊರಿಯಾನದಲ್ಲಿದೆ. 1929ರಲ್ಲಿ ಫ್ರೆಡ್ರಿಕ್ ರಿಟ್ಟರ್ ಅನ್ನುವ ಜರ್ಮನ್ ವೈದ್ಯ ತನ್ನ ಸಂಗಾತಿ ಡೋರ್ ಸ್ಟ್ರಾಖ್ ಜೊತೆ ಅಲ್ಲಿಗೆ ಹೋಗಿ ನೆಲೆಸಿದ. 1932ರಲ್ಲಿ ವಿಟ್ಮರ್ ಕುಟುಂಬ ಬಂತು. ಅವರ ಹಿಂದೆಯೇ ತನ್ನನ್ನು ಬ್ಯಾರನೆಸ್ ಎಂದು ಕರೆದುಕೊಳ್ಳುತ್ತಿದ್ದ ಹೆಂಗಸೊಬ್ಬಳು, ಫಿಲಿಪ್ಸನ್ ಮತ್ತು ಲೊರೆಂಜ್ ಅನ್ನುವ ಇಬ್ಬರು ಗಂಡಸರೊಡನೆ ಬಂದಳು. 1934ರ ಮಾರ್ಚ್‌ನಲ್ಲಿ ಬ್ಯಾರನೆಸ್ ಮತ್ತು ಫಿಲಿಪ್ಸನ್ ಕಾಣೆಯಾದರು. ಸ್ನೇಹಿತರ ಹಡಗಿನಲ್ಲಿ ಟಹೀಟಿಗೆ ಹೋಗುತ್ತೇನೆ ಎಂದು ಬ್ಯಾರನೆಸ್ ಹೇಳಿದ್ದಳು ಅಂತ ಮಾರ್ಗರೆಟ್ ವಿಟ್ಮರ್ ಹೇಳಿದರು. ಹಾಗೆ ಬಂದ ಹಡಗನ್ನು ಬೇರೆ ಯಾರೂ ನೋಡಿರಲಿಲ್ಲ, ಸಾಮಾನುಗಳೂ ಇದ್ದಲ್ಲೇ ಇದ್ದವು. ಲೊರೆಂಜ್ ಅವಸರದಲ್ಲಿ ದ್ವೀಪ ಬಿಟ್ಟ. ಅವನ ಶವ ಮಾರ್ಚೆನಾ ಅನ್ನುವ ನೀರಿಲ್ಲದ ಇನ್ನೊಂದು ದ್ವೀಪದಲ್ಲಿ ಸಿಕ್ಕಿತು. ಅದೇ ವರ್ಷ ನವೆಂಬರ್‌ನಲ್ಲಿ ರಿಟ್ಟರ್ ಕೂಡ ಸತ್ತ, ಕೆಟ್ಟ ಮಾಂಸ ತಿಂದು ಎಂದರು. ಮಾಂಸ ತಿನ್ನಬಾರದು ಎಂದು ಉಪದೇಶ ಮಾಡುತ್ತಿದ್ದ ಮನುಷ್ಯ! ಉಳಿದ ಇಬ್ಬರು ಹೆಂಗಸರೂ ತಮ್ಮ ತಮ್ಮ ಪುಸ್ತಕ ಬರೆದರು, ಎರಡೂ ಒಂದಕ್ಕೊಂದು ಹೊಂದುವುದಿಲ್ಲ.

ಬೆರಳೆಣಿಕೆಯ ಜನ, ಎರಡು ನಾಪತ್ತೆ, ಎರಡು ಸಾವು. ಇಷ್ಟು ಕಡಿಮೆ ಜನರಿದ್ದೂ ಸತ್ಯ ಹೊರಗೆ ಬರಲಿಲ್ಲ, ಯಾಕಂದರೆ ಬದುಕಿದವರ ಬಳಿ ಇದ್ದದ್ದು ತಮಗೆ ಅನುಕೂಲವಾದ ಕಥೆ. ನಿಮ್ಮ ಊರಿಗೆ ನಲವತ್ತು ಮನೆ ಬೇಡ ಎನಿಸಿದರೆ ಹತ್ತು ಸಾಕು.

ಊರನ್ನು ನಿಜವಾಗಿ ಒಂಟಿ ಮಾಡಿ

"ಅಲ್ಲಿ ನೆಟ್‌ವರ್ಕ್ ಸಿಗಲ್ಲ" ಎಂದು ಬರೆದು ಮುಂದೆ ಹೋದರೆ ಓದುಗರು ನಂಬುವುದಿಲ್ಲ. ಒಂಟಿತನಕ್ಕೆ ಲೆಕ್ಕ ಬೇಕು. ಟ್ರಿಸ್ಟನ್ ಡ ಕುನ್ಹಾ ಅನ್ನುವ ದಕ್ಷಿಣ ಅಟ್ಲಾಂಟಿಕ್ ದ್ವೀಪ ನೋಡಿ. 250ಕ್ಕಿಂತ ಕಡಿಮೆ ಜನ, ವಿಮಾನ ನಿಲ್ದಾಣ ಇಲ್ಲ, ಜನರಿರುವ ಹತ್ತಿರದ ಜಾಗ ಸುಮಾರು 2,400 ಕಿಲೋಮೀಟರ್ ದೂರ. ಕೇಪ್‌ಟೌನ್‌ನಿಂದ ಹಡಗಿನಲ್ಲಿ ವಾರದ ಮೇಲೆ ಹಿಡಿಯಬಹುದು. ಅಲ್ಲಿ ಇಂಟರ್ನೆಟ್ ಇದೆ, ಫೋನ್ ಇದೆ. ಆದರೂ ಯಾರಾದರೂ ಕಾಣೆಯಾದರೆ ಹೊರಗಿನ ಪೊಲೀಸ್ ತಂಡ ಬರುವಷ್ಟರಲ್ಲಿ ಎಷ್ಟೋ ದಿನ ಆಗಿರುತ್ತದೆ. ಫೋನ್ ಇದ್ದೂ ಸಹಾಯ ಬರಲಾರದ ಊರು, ಫೋನೇ ಇಲ್ಲದ ಊರಿಗಿಂತ ಜಾಸ್ತಿ ಭಯ ಹುಟ್ಟಿಸುತ್ತದೆ.

ಹಾಗಾಗಿ ಮೊದಲ ಅಧ್ಯಾಯಕ್ಕೆ ಮುಂಚೆ ಒಂದು ಕಾಗದದ ಮೇಲೆ ಊರಿನ ವೇಳಾಪಟ್ಟಿ ಬರೆದುಕೊಳ್ಳಿ. ದೋಣಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಯಾರು ನಡೆಸುತ್ತಾರೆ, ಡೀಸೆಲ್ ಯಾರ ಉಗ್ರಾಣದಲ್ಲಿದೆ, ಬೀಗದ ಕೈ ಯಾರ ಸೊಂಟದಲ್ಲಿದೆ, ರೇಡಿಯೋ ಯಾರ ಮನೆಯಲ್ಲಿದೆ, ಕತ್ತಲಾಗುವುದು ಎಷ್ಟು ಗಂಟೆಗೆ. ಈ ಪಟ್ಟಿಯೇ ಆಮೇಲೆ ಸುಳಿವುಗಳ ಗಣಿ ಆಗುತ್ತದೆ. ಬುಧವಾರ ದೋಣಿ ಬರಲೇ ಇಲ್ಲ ಎಂದಾದರೆ, ಬುಧವಾರ ದೋಣಿ ಹತ್ತಿ ಹೋದಳು ಎಂದು ಹೇಳಿದವನು ಸಿಕ್ಕಿಬಿದ್ದ ಹಾಗೆ.

ಕಥೆಗೆ ಬೇಕಾದ ದಿನವೇ ಬಿರುಗಾಳಿ ಬಂದು ಸೇತುವೆ ಮುರಿಯುವುದು ನನಗಂತೂ ಇಷ್ಟವಿಲ್ಲ. ಸೇತುವೆ ಮುರಿಯಲೇಬೇಕು ಅಂದರೆ ಅದನ್ನು ಎರಡನೇ ಪುಟದಲ್ಲೇ ಮುರಿದುಬಿಡಿ. ಜನ ಅದಕ್ಕೆ ಹೊಂದಿಕೊಂಡು ಬದುಕುತ್ತಿರಲಿ. ಕಷ್ಟ ಮೊದಲೇ ಇದ್ದರೆ ಅದು ಊರಿನ ಸ್ವಭಾವ ಎನಿಸುತ್ತದೆ. ಬೇಕಾದಾಗ ಬಂದರೆ ಬರೆದವರ ಕೈವಾಡ ಕಾಣುತ್ತದೆ.

ಇನ್ನೊಂದು ಬಗೆಯ ಒಂಟಿತನವಿದೆ, ಅದು ಇನ್ನೂ ಉಪಯೋಗಕ್ಕೆ ಬರುತ್ತದೆ. ಒಬ್ಬರು ಹೋದರೆ ಊರೇ ಉಳಿಯುವುದು ಕಷ್ಟ ಅನ್ನುವ ಸ್ಥಿತಿ. ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾ ದ್ವೀಪದಲ್ಲಿ ದುಡಿಯುವ ಗಂಡಸರು ಕಡಿಮೆಯಾಗುತ್ತಾ ಬಂದು ಕೊನೆಗೆ ಉಳಿದ 36 ಜನ ತಾವೇ ಸರ್ಕಾರವನ್ನು ಕೇಳಿಕೊಂಡು 1930ರ ಆಗಸ್ಟ್ 29ರಂದು ದ್ವೀಪ ಖಾಲಿ ಮಾಡಿದರು. ಇಂಥ ಊರಲ್ಲಿ ಒಬ್ಬ ಕಾಣೆಯಾದ ಅನ್ನುವುದು ದುಃಖದ ಜೊತೆಗೆ ಹೊಟ್ಟೆಪಾಡಿನ ಪ್ರಶ್ನೆ. ದೋಣಿಗೆ ಹುಟ್ಟು ಹಾಕುವವರು ಯಾರು? ಇನ್ನಿಬ್ಬರು ಹೋದರೆ ಶಾಲೆ ಮುಚ್ಚುತ್ತಾರಾ? ಹೊರಗಿನವರಿಗೆ ತಿಳಿಸಿದರೆ ನಮ್ಮನ್ನೆಲ್ಲ ಎಬ್ಬಿಸಿ ಕಳಿಸಿಬಿಡುತ್ತಾರಾ? ನೋಡಿ, ಊರಿಗೆ ಊರೇ ಸುಮ್ಮನಿರುವುದಕ್ಕೆ ಕಾರಣ ಸಿಕ್ಕಿತು. ಗುಪ್ತ ಪಂಥ, ಶಾಪ, ನರಬಲಿ ಯಾವುದೂ ಬೇಕಾಗಲಿಲ್ಲ.

ಒಂದೇ ಕೈ ಎಲ್ಲರನ್ನೂ ಎತ್ತಿಕೊಂಡು ಹೋಗದಿರಲಿ

ಒಬ್ಬರಿಗಿಂತ ಜಾಸ್ತಿ ಜನ ಕಾಣೆಯಾದರೆ ಓದುಗರು ತಕ್ಷಣ ಒಬ್ಬ ಕೊಲೆಗಾರನನ್ನು ಹುಡುಕಲು ಶುರು ಮಾಡುತ್ತಾರೆ. ಅವರು ಹುಡುಕಲಿ. ನೀವು ಮಾತ್ರ ಪ್ರತಿ ನಾಪತ್ತೆಗೂ ಬೇರೆ ಕಾರಣ ಕೊಡಿ, ಆದರೆ ಒಂದರಿಂದ ಇನ್ನೊಂದು ಹುಟ್ಟುವ ಹಾಗೆ ಕೊಡಿ. ಬೇರೆ ಬೇರೆ ಕಾರಣ, ಸಂಬಂಧವೂ ಇಲ್ಲ ಅಂದರೆ ಅದು ಬರೀ ಕಾಕತಾಳೀಯ ಆಗುತ್ತದೆ.

ಒಂದು ಉದಾಹರಣೆ ಕಟ್ಟೋಣ. ಹತ್ತು ದಿನಕ್ಕೊಮ್ಮೆ ದೋಣಿ ಬರುವ ದ್ವೀಪ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ಒಂದು ರಾತ್ರಿ ಕಾಣೆಯಾಗುತ್ತಾಳೆ. ನಿಜ ಏನಂದರೆ ಅವಳು ಗಂಡನ ಹೊಡೆತ ತಾಳದೆ ದೋಣಿಯವನ ಸಹಾಯದಿಂದ ಓಡಿಹೋಗಿದ್ದಾಳೆ, ಆರಾಮಾಗಿದ್ದಾಳೆ. ಊರಿಗೆ ಅದು ಗೊತ್ತಿಲ್ಲ. ಯಾರೋ ಕೊಂದರು ಎಂಬ ಮಾತು ಹಬ್ಬುತ್ತದೆ. ಮೂರು ವಾರದ ಮೇಲೆ ಉಗ್ರಾಣದ ಯಜಮಾನ ಕಾಣೆಯಾಗುತ್ತಾನೆ. ಅವನನ್ನು ಕೊಂದವನು ಅವನಿಗೆ ಸಾಲ ಉಳಿಸಿಕೊಂಡಿದ್ದ ಒಬ್ಬ ಮೀನುಗಾರ. ಜಗಳದಲ್ಲಿ ಆದದ್ದು, ಆದರೆ ಹುಡುಗಿಯ ವಿಷಯ ಊರ ಬಾಯಲ್ಲಿ ಇದ್ದದ್ದರಿಂದ ಹೆಣ ಮುಚ್ಚಿಟ್ಟರೆ ಎರಡೂ ಒಂದೇ ಲೆಕ್ಕಕ್ಕೆ ಸೇರುತ್ತದೆ ಎಂದು ಅವನಿಗೆ ಹೊಳೆಯಿತು. ಮೂರನೆಯದಾಗಿ ಒಬ್ಬ ಹುಡುಗ ಕಾಣೆಯಾಗುತ್ತಾನೆ. ಅವನು ಆ ರಾತ್ರಿ ಹುಡುಗಿಯ ಚೀಲ ಹೊತ್ತು ದೋಣಿಗೆ ಇಟ್ಟವನು. ಅವಳು ಬದುಕಿದ್ದಾಳೆ ಎಂದು ಗೊತ್ತಿರುವುದರಿಂದ, ಎರಡನೆಯದು ಅದೇ ಕೈಯ ಕೆಲಸ ಅಲ್ಲ ಎಂದೂ ಅವನಿಗೆ ಗೊತ್ತು. ದೋಣಿಯವನೇ ಅವನನ್ನು ಅಡಗಿಸಿಟ್ಟಿದ್ದಾನೆ.

ಇದರಲ್ಲಿ ನನಗೆ ತುಂಬಾ ಹಿಡಿಸುವ ಅಂಶ ಕೊಂದವನ ಸ್ಥಿತಿ. ಹುಡುಗಿಯನ್ನು ಬೇರೆ ಯಾರೋ ಕೊಂದಿದ್ದಾರೆ ಎಂದು ಅವನೂ ನಂಬಿದ್ದಾನೆ. ಊರಲ್ಲಿ ಇನ್ನೊಬ್ಬ ಕೊಲೆಗಾರ ಇದ್ದಾನೆ ಎಂದು ಅವನಿಗೆ ನಿಜವಾದ ಭಯ. ಹುಡುಗ ಕಾಣೆಯಾದ ದಿನ ಎಲ್ಲರಿಗಿಂತ ಮೊದಲು ತನ್ನ ಮಕ್ಕಳನ್ನು ಒಳಗೆ ಕೂಡಿಹಾಕುವವನು ಅವನೇ. ಓದುಗರು ಅವನನ್ನು ಅನುಮಾನಿಸುವುದೇ ಇಲ್ಲ, ಯಾಕಂದರೆ ಅವನು ನಟಿಸುತ್ತಿಲ್ಲ.

ಈಗ ಒಂದು ಕೋಷ್ಟಕ ಹಾಕಿ. ಊರಿನ ಪ್ರತಿಯೊಬ್ಬ ಮುಖ್ಯ ಪಾತ್ರಕ್ಕೂ ಒಂದೊಂದು ಸಾಲು. ಏನು ನೋಡಿದರು, ಅದಕ್ಕೆ ಏನು ಅರ್ಥ ಮಾಡಿಕೊಂಡರು, ಯಾಕೆ ಹೇಳುತ್ತಿಲ್ಲ, ಯಾರು ಕೇಳಿದರೆ ಹೇಳುತ್ತಾರೆ. ಎರಡನೇ ಮತ್ತು ಮೂರನೇ ಕಾಲಂಗೆ ಜಾಸ್ತಿ ಹೊತ್ತು ಕೊಡಿ. ಆಸ್ಪತ್ರೆಯ ನರ್ಸ್ ಮೀನುಗಾರನ ಅಂಗೈ ಗಾಯಕ್ಕೆ ಹೊಲಿಗೆ ಹಾಕಿದ್ದಾಳೆ, ಬಲೆ ಎಳೆಯುವಾಗ ಆಯಿತು ಎಂದದ್ದನ್ನು ನಂಬಿದ್ದಾಳೆ. ಅವಳು ಏನನ್ನೂ ಮುಚ್ಚಿಡುತ್ತಿಲ್ಲ, ಯಾರೂ ಕೇಳಿಲ್ಲ ಅಷ್ಟೇ. ಹುಡುಗಿಯ ಅತ್ತೆಗೆ ಸೊಸೆ ಓಡಿಹೋದಳು ಎಂಬ ಗುಮಾನಿ ಇದೆ, ಆದರೆ ಹಾಗೆ ಹೇಳಿದರೆ ಮಗನ ಹೊಡೆತದ ವಿಷಯ ಹೊರಗೆ ಬರುತ್ತದೆ, ಅದಕ್ಕಿಂತ ಸೊಸೆ ಸತ್ತಳು ಅನ್ನುವುದೇ ಮರ್ಯಾದೆ. ದೋಣಿಯವನು ಮಾತು ಕೊಟ್ಟಿದ್ದಾನೆ. ಉಗ್ರಾಣದ ಗುಮಾಸ್ತನಿಗೆ ಸಾಲದ ಪುಸ್ತಕದ ಒಂದು ಹಾಳೆ ಹರಿದದ್ದು ಗೊತ್ತು, ಆದರೆ ಅದೇ ಪುಸ್ತಕದಲ್ಲಿ ಅವನ ಕೈಚಳಕವೂ ಇದೆ. ನಾಚಿಕೆ, ಸಾಲ, ಮಾತು, ತಪ್ಪು ತಿಳಿವಳಿಕೆ, ಯಾರೂ ಕೇಳದೆ ಇದ್ದದ್ದು. ಮೌನಕ್ಕೆ ಇಷ್ಟು ಬಗೆ ಇರುವಾಗ ಎಲ್ಲರನ್ನೂ "ಭಯದಿಂದ" ಸುಮ್ಮನಿರಿಸುವುದು ಸೋಮಾರಿತನ.

ಸುಳಿವು

ಒಳ್ಳೆಯ ಸುಳಿವು ಹೇಗಿರುತ್ತದೆ ಎಂದು ಕಲಿಯಲು ಸ್ಕಾಟ್ಲೆಂಡಿನ ಫ್ಲಾನನ್ ದ್ವೀಪದ ದೀಪಸ್ತಂಭದ ಪ್ರಕರಣ ಓದಿ. 1900ರ ಡಿಸೆಂಬರ್‌ನಲ್ಲಿ ಅಲ್ಲಿದ್ದ ಮೂವರು ಕಾವಲುಗಾರರೂ ಕಾಣೆಯಾದರು. ಡಿಸೆಂಬರ್ 26ರಂದು ಹಡಗು ಬಂದಾಗ ಯಾರೂ ಇಲ್ಲ. ಮೇಜಿನ ಮೇಲೆ ಅರ್ಧ ತಿಂದ ಊಟ ಇತ್ತು, ಹೆದರಿದ ಕಾವಲುಗಾರರು ಅತ್ತದ್ದು ದಿನಚರಿಯಲ್ಲಿ ಬರೆದಿತ್ತು ಎಂದೆಲ್ಲ ನೀವು ಕೇಳಿರಬಹುದು. ಊಟದ ವಿಷಯ 1912ರ ಒಂದು ಕವಿತೆಯಿಂದ ಹರಡಿದ್ದು, ದಿನಚರಿಯದು ಆಮೇಲಿನವರು ಹೊಸೆದದ್ದು. ನಿಜವಾಗಿ ಸಿಕ್ಕ ವಿವರ ಒಂದು ಮಳೆಕೋಟು. ಮೂವರಲ್ಲಿ ಇಬ್ಬರ ಕೋಟು ಇರಲಿಲ್ಲ, ಒಬ್ಬನದು ಮಾತ್ರ ಗೂಟಕ್ಕೆ ನೇತಾಡುತ್ತಿತ್ತು. ಅಂದರೆ ಇಬ್ಬರು ಸಿದ್ಧರಾಗಿ ಹೊರಗೆ ಹೋಗಿದ್ದಾರೆ, ಮೂರನೆಯವನು ಡಿಸೆಂಬರ್ ಚಳಿಯಲ್ಲಿ ಕೋಟೂ ಹಾಕದೆ ಓಡಿದ್ದಾನೆ. ದೀಪ ಬಿಟ್ಟು ಎಲ್ಲರೂ ಹೊರಗೆ ಹೋಗಬಾರದು ಅನ್ನುವ ನಿಯಮ ಇದ್ದೂ ಓಡಿದ್ದಾನೆ. ಪಶ್ಚಿಮದ ಕಡೆ ಇಳಿಯುವ ಜಾಗದಲ್ಲಿ ಅಲೆಯ ಹೊಡೆತಕ್ಕೆ ಕಂಬಿ ಬಾಗಿತ್ತು, ದೊಡ್ಡ ಬಂಡೆ ಜರುಗಿತ್ತು. ಸಮುದ್ರ ಎಳೆದುಕೊಂಡಿತು ಎಂದು ವಿಚಾರಣೆಗೆ ಹೋದ ಅಧಿಕಾರಿ ವರದಿ ಬರೆದರು.

ಉರುಳಿದ ಕುರ್ಚಿ, ಅರ್ಧ ಊಟ ಇವು ಯಾವ ಮನೆಯಲ್ಲಾದರೂ ಇರಬಹುದು. ಕೋಟು ಹಾಗಲ್ಲ. ಅದರಲ್ಲಿ ಒಂದು ಕ್ಷಣದ ನಿರ್ಧಾರ ಇದೆ, ಒಂದು ಕ್ರಮ ಇದೆ, ಮುರಿದ ನಿಯಮ ಇದೆ. ನಿಮ್ಮ ಸುಳಿವನ್ನು ಹುಟ್ಟಿಸುವಾಗ ಕೇಳಿಕೊಳ್ಳಿ: ಈ ಮನುಷ್ಯ ದಿನಾ ಮಾಡುವ ಯಾವ ಕೆಲಸ ಇವತ್ತು ಮಾಡಿಲ್ಲ? ಒಂಟಿ ಊರಲ್ಲಿ ದಿನಚರಿ ಬಿಗಿಯಾಗಿರುತ್ತದೆ, ಅದರಲ್ಲಿ ಬಿರುಕು ಬಿಟ್ಟರೆ ಎದ್ದು ಕಾಣುತ್ತದೆ. ಆದ್ದರಿಂದ ಕಾಣೆಯಾಗುವ ವ್ಯಕ್ತಿಯ ಒಂದು ಸಾಮಾನ್ಯ ದಿನವನ್ನು ಓದುಗರಿಗೆ ಮೊದಲೇ ತೋರಿಸಿ. ಸಪ್ಪೆ ಅಧ್ಯಾಯ ಎಂದು ಯಾರಾದರೂ ಹೇಳಿದರೂ ತೆಗೆಯಬೇಡಿ, ಚಿಕ್ಕದು ಮಾಡಿ.

ಕೇಳುವವರು ಯಾರು

ನಗರದಿಂದ ಬಂದ ಪತ್ತೇದಾರ ಸುಲಭ. ಓದುಗರ ಜೊತೆಗೆ ಅವನೂ ಹೊಸಬ, ಎಲ್ಲವನ್ನೂ ಕೇಳಬಹುದು. ವರ್ಷಗಳ ಮೇಲೆ ಊರಿಗೆ ಮರಳಿದ ಮಗಳು ಅಥವಾ ಮಗ ಇನ್ನೂ ಸುಲಭ, ಅದಕ್ಕೇ ಆ ಪಾತ್ರ ಸವೆದುಹೋಗಿದೆ. ನನ್ನ ಸಲಹೆ ಏನಂದರೆ ಎಣಿಸುವ ಕೆಲಸ ಇರುವವರನ್ನು ಹಿಡಿಯಿರಿ. ಹಾಜರಿ ಪುಸ್ತಕ ಇಡುವ ಟೀಚರ್, ಔಷಧಿ ಲೆಕ್ಕ ಬರೆಯುವ ನರ್ಸ್, ಕಾಗದ ಹಂಚುವವರು. ಅವರಿಗೆ ಪತ್ತೇದಾರಿಕೆಯ ಅಧಿಕಾರ ಇಲ್ಲ, ಲೆಕ್ಕ ತಾಳೆ ಆಗುತ್ತಿಲ್ಲ ಅನ್ನುವ ಕಿರಿಕಿರಿ ಮಾತ್ರ ಇದೆ. ಜೊತೆಗೆ ನಾಳೆಯೂ ಅದೇ ಜನರ ನಡುವೆ ಬದುಕಬೇಕು. ಪ್ರತಿ ಪ್ರಶ್ನೆಗೂ ಬೆಲೆ ಇದೆ, ಸಸ್ಪೆನ್ಸ್ ಅಲ್ಲಿಂದಲೇ ಬರುತ್ತದೆ.

ಸಾಕ್ಷಿಗಳ ಬಗ್ಗೆ ಒಂದು ಮಾತು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅನ್ನುವ ಮನೋವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ಕಾರು ಅಪಘಾತದ ಫಿಲ್ಮ್ ತೋರಿಸಿ, ಡಿಕ್ಕಿ ಎಷ್ಟು ವೇಗದಲ್ಲಿ ಆಯಿತು ಎಂದು ಬೇರೆ ಬೇರೆ ಪದ ಬಳಸಿ ಕೇಳಿದರು. "ತಾಗಿದಾಗ" ಅನ್ನುವಂಥ ಮೆತ್ತನೆ ಪದ ಕೇಳಿದವರು ಸರಾಸರಿ ಗಂಟೆಗೆ ಸುಮಾರು 32 ಮೈಲಿ ಎಂದರು. "ಅಪ್ಪಳಿಸಿದಾಗ" ಅನ್ನುವಂಥ ಪದ ಕೇಳಿದವರು ಸುಮಾರು 41 ಎಂದರು. ನೋಡಿದ್ದು ಅದೇ ಫಿಲ್ಮ್. ಈಗ ನಿಮ್ಮ ಊರಿನ ಜನ ವಾರಗಟ್ಟಲೆ ತಮ್ಮೊಳಗೇ ಮಾತಾಡಿಕೊಂಡಿದ್ದಾರೆ ಅಂದರೆ ಅವರ ನೆನಪು ಎಷ್ಟು ಕಲಸಿಹೋಗಿರಬೇಡ. ಒಂಬತ್ತು ಜನ ಒಂದೇ ಮಾತಿನಲ್ಲಿ ಒಂದೇ ಸಂಗತಿ ಹೇಳಿದರೆ, ಅದು ಒಬ್ಬನ ಕಥೆ ಒಂಬತ್ತು ಬಾಯಿಗೆ ಹೋದದ್ದು. ಮೊದಲು ಯಾರು ಹೇಳಿದರು ಅನ್ನುವುದನ್ನು ಹುಡುಕುವುದೇ ಒಂದು ಇಡೀ ಭಾಗ ಆಗಬಹುದು.

ತಪ್ಪೊಪ್ಪಿಗೆಯನ್ನೂ ನಂಬಬೇಡಿ. 1660ರ ಆಗಸ್ಟ್ 16ರಂದು ಇಂಗ್ಲೆಂಡಿನ ಚಿಪ್ಪಿಂಗ್ ಕ್ಯಾಂಪ್ಡನ್ ಊರಿನ ವಿಲಿಯಂ ಹ್ಯಾರಿಸನ್, ಸುಮಾರು 70 ವರ್ಷದವನು, ಬಾಡಿಗೆ ವಸೂಲಿಗೆ ಹೋಗಿ ಕಾಣೆಯಾದ. ದಾರಿಯಲ್ಲಿ ಅವನ ಕತ್ತರಿಸಿದ ಟೋಪಿ, ರಕ್ತದ ಕಲೆಯ ಬಟ್ಟೆ ಸಿಕ್ಕವು. ಅವನ ಆಳು ಜಾನ್ ಪೆರಿ, ತನ್ನ ತಾಯಿ ಮತ್ತು ಸಹೋದರನೇ ಕೊಂದರು ಎಂದು ಹೇಳಿಕೆ ಕೊಟ್ಟ. ಹೆಣ ಸಿಗಲಿಲ್ಲ. ಆದರೂ 1661ರಲ್ಲಿ ಮೂವರನ್ನೂ ಗಲ್ಲಿಗೇರಿಸಿದರು. 1662ರಲ್ಲಿ ಹ್ಯಾರಿಸನ್ ನಡೆದುಕೊಂಡು ಊರಿಗೆ ಬಂದ! ತನ್ನನ್ನು ಅಪಹರಿಸಿ ಟರ್ಕಿಯಲ್ಲಿ ಗುಲಾಮನಾಗಿ ಮಾರಿದ್ದರು ಎಂದ. ಪೆರಿ ಯಾಕೆ ಹಾಗೆ ಹೇಳಿದ ಅನ್ನುವುದಕ್ಕೆ ಇವತ್ತಿಗೂ ಉತ್ತರ ಇಲ್ಲ.

ಕಾದಂಬರಿಯ ನಡುಭಾಗ ಜೋಲು ಬೀಳುತ್ತಿದೆ ಎನಿಸಿದಾಗ ಬಹಳ ಜನ ಇನ್ನೊಬ್ಬರನ್ನು ಕಾಣೆ ಮಾಡುತ್ತಾರೆ. ಅದರ ಬದಲು ಒಬ್ಬರನ್ನು ವಾಪಸ್ ತನ್ನಿ. ಅದೂ ಅವರ ಹೆಸರಲ್ಲಿ ಊರು ಯಾರಿಗೋ ಶಿಕ್ಷೆ ಕೊಟ್ಟಾದ ಮೇಲೆ. ನಮ್ಮ ದ್ವೀಪದಲ್ಲಿ ಆ ಹುಡುಗಿಯ ಗಂಡನನ್ನು ಊರವರು ಹೊಡೆದು ಹೊರಗೆ ಹಾಕಿದ ಮರುವಾರ ಅವಳ ಕೈಬರಹದ ಒಂದು ಕಾಗದ ಬರಲಿ. ಆಮೇಲೆ ಯಾರು ಯಾರ ಮುಖ ನೋಡುತ್ತಾರೆ?

ಮನೆಯವರನ್ನೂ ಮರೆಯಬೇಡಿ. ಸಾವಿಗೆ ಕ್ರಿಯೆ ಇದೆ, ಅಳು ಇದೆ, ಜನ ಬರುತ್ತಾರೆ ಹೋಗುತ್ತಾರೆ. ಕಾಣೆಯಾದವರಿಗೆ ಏನೂ ಇಲ್ಲ. ಪೌಲಿನ್ ಬಾಸ್ ಅನ್ನುವ ಮನೋಚಿಕಿತ್ಸಕಿ 1970ರ ದಶಕದಲ್ಲಿ ಯುದ್ಧದಲ್ಲಿ ನಾಪತ್ತೆಯಾದ ಸೈನಿಕರ ಕುಟುಂಬಗಳನ್ನು ಅಭ್ಯಾಸ ಮಾಡಿ, ಮುಗಿಯದ ಇಂಥ ನಷ್ಟಕ್ಕೆ ಒಂದು ಹೆಸರನ್ನೇ ಕೊಟ್ಟರು. ಅತ್ತರೆ ಸತ್ತರು ಎಂದು ಒಪ್ಪಿದ ಹಾಗೆ, ನಕ್ಕರೆ ಮರೆತ ಹಾಗೆ. ಕಾನೂನಿನ ಗೋಜಲು ಬೇರೆ. ಹಲವು ದೇಶಗಳಲ್ಲಿ 7 ವರ್ಷ ಸುದ್ದಿ ಇಲ್ಲದಿದ್ದರೆ ಮಾತ್ರ ಸತ್ತಿದ್ದಾರೆ ಎಂದು ಎಣಿಸುತ್ತಾರೆ. ಅಷ್ಟರವರೆಗೆ ಆಸ್ತಿ, ಮರುಮದುವೆ, ವಿಮೆ ಎಲ್ಲ ತೂಗಾಡುತ್ತಿರುತ್ತದೆ. ಆರು ವರ್ಷ ಹತ್ತು ತಿಂಗಳಾಗಿರುವಾಗ ಕಥೆ ಶುರು ಮಾಡಿ ನೋಡಿ, ಯಾರಿಗೆ ಅವಸರ ಯಾರಿಗೆ ಭಯ ಅನ್ನುವುದು ತಾನಾಗಿಯೇ ಹೊರಬೀಳುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಒಂದು ತೊಡಕು, ಒಂದು ಅನುಕೂಲ

ನಮ್ಮ ಕ್ರಿಯಾಪದ ಗುಟ್ಟು ಬಿಟ್ಟುಕೊಡುತ್ತದೆ. "ಬಾಗಿಲು ತೆಗೆದು ಒಳಗೆ ಬಂದ" ಎಂದ ತಕ್ಷಣ ಗಂಡಸು ಎಂದು ಗೊತ್ತಾಯಿತು, ಅರ್ಧ ಊರು ಅನುಮಾನದಿಂದ ಪಾರಾಯಿತು. "ಯಾರೋ ಬಂದರು" ಎಂದು ಬರೆದರೆ ತಪ್ಪಿಸಿಕೊಳ್ಳಬಹುದು, ಆದರೆ ಕೊಲೆಗಾರನ ದೃಶ್ಯದಲ್ಲಿ ಮಾತ್ರ ಹಾಗೆ ಬರೆದರೆ ಓದುಗರಿಗೆ ವಾಸನೆ ಹತ್ತುತ್ತದೆ. ಉಳಿದ ದೃಶ್ಯಗಳಲ್ಲೂ ಅಲ್ಲಲ್ಲಿ ಬಳಸಿ. ಇಲ್ಲವೇ ಮನುಷ್ಯನನ್ನು ಬಿಟ್ಟು ವಸ್ತುವನ್ನು ಹಿಡಿಯಿರಿ: ಚಿಲಕ ಸರಿಯಿತು, ಲಾಟೀನು ಆರಿತು, ಮೆಟ್ಟಿಲು ಕಿರುಗುಟ್ಟಿತು.

ಅನುಕೂಲ ಏನಂದರೆ ಏಕವಚನ ಬಹುವಚನ. ಇಪ್ಪತ್ತು ವರ್ಷ "ಯಜಮಾನರು ಬಂದರು" ಎನ್ನುತ್ತಿದ್ದ ಮೀನುಗಾರ ಉಗ್ರಾಣದವನು ಕಾಣೆಯಾದ ಮೇಲೆ ಒಂದೇ ಒಂದು ಸಲ "ಅವನು ಎಲ್ಲಿ ಬರ್ತಾನೆ ಬಿಡಿ" ಎಂದುಬಿಟ್ಟರೆ ಸಾಕು. ಅದನ್ನು ವಿವರಿಸಲು ಹೋಗಬೇಡಿ. ಗಮನಿಸುವವರು ಗಮನಿಸುತ್ತಾರೆ.

ಪ್ರತಿ ಅಧ್ಯಾಯವನ್ನೂ ಕಿರುಚಾಟದಲ್ಲಿ ಮುಗಿಸುವ ಅಭ್ಯಾಸ ಇದ್ದರೆ ಬಿಡಿ. ಒಂದು ಸಣ್ಣ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟು, ಆ ಉತ್ತರದಿಂದಲೇ ದೊಡ್ಡ ಪ್ರಶ್ನೆ ಎದ್ದರೆ ಓದುಗರು ತಾವೇ ಪುಟ ತಿರುಗಿಸುತ್ತಾರೆ.

ಕೊನೆಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ಫ್ಲೊರಿಯಾನದ ಹಾಗೆ ಉತ್ತರ ಇಲ್ಲದೆ ಬಿಡುವ ಹಕ್ಕು ಬದುಕಿಗೆ ಇದೆ, ನಾನೂರು ಪುಟ ಓದಿಸಿದ ಕಾದಂಬರಿಗೆ ಇಲ್ಲ. ಯಾರು, ಯಾಕೆ, ಹೇಗೆ ಈ ಮೂರೂ ಬರಲೇಬೇಕು. ಬೇಕಾದರೆ ಊರು ಮುಂದೆ ಯಾವ ಕಥೆಯನ್ನು ಹೇಳಿಕೊಂಡು ಬದುಕುತ್ತದೆ ಅನ್ನುವುದನ್ನು ತೆರೆದಿಡಿ. 1790ರಲ್ಲಿ ಪೆಸಿಫಿಕ್ ಸಾಗರದ ಪಿಟ್‌ಕೇರ್ನ್ ದ್ವೀಪಕ್ಕೆ 15 ಗಂಡಸರು ಹೋಗಿ ಇಳಿದರು. 1808ರಲ್ಲಿ ಒಂದು ಅಮೆರಿಕನ್ ಹಡಗು ಅಲ್ಲಿಗೆ ತಲುಪಿದಾಗ ಅವರಲ್ಲಿ ಬದುಕಿದ್ದವನು ಜಾನ್ ಆಡಮ್ಸ್ ಒಬ್ಬನೇ. ಉಳಿದವರಿಗೆ ಏನಾಯಿತು ಎಂದು ಬಂದ ಬಂದ ಹಡಗಿನವರಿಗೆಲ್ಲ ಅವನು ಹೇಳಿದ, ಒಂದೊಂದು ಸಲ ಒಂದೊಂದು ಥರ. ನಿಮ್ಮ ಊರಿನ ಆಡಮ್ಸ್ ಯಾರು ಎಂದು ಯೋಚಿಸಿಟ್ಟುಕೊಳ್ಳಿ.

ಕರಡು ಮುಗಿದ ಮೇಲೆ ಇಡೀ ಕಥೆಯನ್ನು ಕೊಂದವನ ಕಡೆಯಿಂದ ತಾರೀಖು ಹಾಕಿ ಎರಡು ಪುಟದಲ್ಲಿ ಬರೆಯಿರಿ. ಅವನು ಹೆಣ ಸಾಗಿಸಿದ ರಾತ್ರಿ ಬೆಳದಿಂಗಳಿತ್ತಾ, ದೋಣಿ ದಡದಲ್ಲಿತ್ತಾ, ನಾಯಿ ಯಾಕೆ ಬೊಗಳಲಿಲ್ಲ, ಉಗ್ರಾಣದ ಬೀಗದ ಕೈ ಅವನಿಗೆ ಯಾವಾಗ ಸಿಕ್ಕಿತು. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರೋ ಆ ಅಧ್ಯಾಯಕ್ಕೆ ವಾಪಸ್ ಹೋಗಿ ಅಲ್ಲಿಂದ ತಿದ್ದಲು ಶುರು ಮಾಡಿ.